ಮೆಟ್ಟಿಲು ಯಾರ ಅಳತೆಯದು?

ನಮ್ಮ ಮನೆ ಹೊಸೂರಿನಲ್ಲಿ. ಅಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಎಲ್ಲಿಗೆ ಹೊರಡೋಣ ಅಂದರೂ ಅವರು ಮೊದಲು ಕೇಳುವುದು ಒಂದೇ ಮಾತು: "ಅಲ್ಲಿ ಮೆಟ್ಟಿಲು ಎಷ್ಟಿವೆ?" ಮದುವೆ ಮಂಟಪಕ್ಕಾದರೂ ಅದೇ, ಬ್ಯಾಂಕಿಗಾದರೂ ಅದೇ, ನೆಂಟರ ಮನೆಗಾದರೂ ಅದೇ.

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ರೈಲು ನಿಲ್ದಾಣದಲ್ಲಿ. ನಮ್ಮ ಗಾಡಿ ಬೇರೆ ಪ್ಲಾಟ್‌ಫಾರಂಗೆ ಬರುತ್ತದೆಂದು ಕೊನೆಗಳಿಗೆಯಲ್ಲಿ ಕೂಗಿ ಹೇಳಿದರು. ಲಿಫ್ಟ್ ಇತ್ತು, ಆದರೆ ಅದರ ಬಾಗಿಲಿಗೆ ಕೆಟ್ಟಿದೆ ಅನ್ನುವ ಚೀಟಿ ಅಂಟಿಸಿದ್ದರು. ನನ್ನ ಎರಡು ಕೈಯಲ್ಲೂ ಚೀಲ. ಅಮ್ಮ ಮೇಲ್ಸೇತುವೆಯ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಿದರು. ಅರ್ಧದಲ್ಲಿ ಕುಳಿತುಬಿಟ್ಟರು. ಕೆಳಗೆ ಗಾಡಿ ಬಂತು, ಹೋಯಿತು. ಆಗ ಅಮ್ಮ ಅಂದರು, "ನನ್ನಿಂದ ನಿನಗೆ ರೈಲು ತಪ್ಪಿತಲ್ಲಪ್ಪಾ."

ಆ "ನನ್ನಿಂದ" ಅನ್ನುವ ಮಾತು ನನಗೆ ಇವತ್ತಿಗೂ ನುಂಗಲಾಗಿಲ್ಲ. ತಪ್ಪು ಅಮ್ಮನ ನೋಯುವ ಮಂಡಿಯದಲ್ಲ, ಮೆಟ್ಟಿಲಿನದು. ಮೆಟ್ಟಿಲು ತಾನಾಗಿ ಹುಟ್ಟಿದ್ದಲ್ಲ. ಯಾರೋ ಅಳತೆ ಹಾಕಿ, ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು.

ನಮ್ಮ ಜಿಲ್ಲೆಯ ಕೃಷ್ಣಗಿರಿ ದುರ್ಗವನ್ನು ನೋಡಿ. ಊರಿನ ನೆತ್ತಿಯ ಮೇಲೆ ನಿಂತ ಆ ಬಂಡೆಗೆ ಏರುವ ದಾರಿ ಕಡಿದು, ಕಿರಿದು. ಬಂಡೆಯಲ್ಲೇ ಕಡೆದ ಮೆಟ್ಟಿಲುಗಳಲ್ಲಿ ಒಂದರ ಎತ್ತರ ಇನ್ನೊಂದಕ್ಕಿಲ್ಲ. ಹತ್ತುವವನಿಗೆ ಸುಲಭವಾಗಬಾರದು ಅನ್ನುವುದೇ ಕೋಟೆಯ ಲೆಕ್ಕ. 1791ರ ನವೆಂಬರಿನಲ್ಲಿ, ಮೂರನೇ ಮೈಸೂರು ಯುದ್ಧದ ಹೊತ್ತಿಗೆ, ಈಸ್ಟ್ ಇಂಡಿಯಾ ಕಂಪನಿಯ ಲೆಫ್ಟಿನೆಂಟ್ ಕರ್ನಲ್ ಮ್ಯಾಕ್ಸ್‌ವೆಲ್ ಕೆಳಕೋಟೆಯನ್ನು ಹಿಡಿದ. ಅದೇ ಬಿರುಸಿನಲ್ಲಿ ಏಣಿ ಹೊರಿಸಿಕೊಂಡು ಮೇಲ್ಕೋಟೆಗೆ ನುಗ್ಗಿದ. ಮೇಲಿನಿಂದ ಟಿಪ್ಪುವಿನ ಸಿಪಾಯಿಗಳು ಬಂಡೆಗಳನ್ನು ಉರುಳಿಸಿದರು. ಏಣಿಗಳು ಮುರಿದವು, ಜನ ಸತ್ತರು, ಸೈನ್ಯ ಹಿಂದೆ ಸರಿಯಿತು. ಅಲ್ಲಿ ಮೆಟ್ಟಿಲು ಕಷ್ಟವಾಗಿದ್ದದ್ದಕ್ಕೆ ಒಂದು ಕಾರಣವಿತ್ತು, ಬರುವವನು ಶತ್ರು. ರೈಲು ಹಿಡಿಯಲು ಬಂದ ಮುದುಕಿ ಶತ್ರುವಲ್ಲವಲ್ಲ.

ದೇವರ ಬೆಟ್ಟಗಳ ಮೆಟ್ಟಿಲು ಬೇರೆ ಜಾತಿಯದು. ಅಲ್ಲಿ ಕಷ್ಟವೇ ಹರಕೆ. ಮೈಸೂರಿನ ಚಾಮುಂಡಿಗೆ ದೊಡ್ಡದೇವರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಸಾವಿರ ಮೆಟ್ಟಿಲು ಕಟ್ಟಿಸಿದರು. ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಏರುವ ಹೆಂಗಸರನ್ನು ಇಂದಿಗೂ ಕಾಣುತ್ತೇವೆ. ನಮ್ಮ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನೂ ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ನನ್ನಕ್ಕನನ್ನು ಸೊಂಟದಲ್ಲಿಟ್ಟುಕೊಂಡು ಹತ್ತಿದವರು. ಈಗ ಮೇಲಿನವರೆಗೆ ರಸ್ತೆಯಿದೆ, ಆಟೋ ಹೋಗುತ್ತದೆ.

ಆದರೆ ಹತ್ತಲಾರದವರು ಆಗಲೂ ಇದ್ದರು. ಅವರಿಗೆ ಡೋಲಿ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಸುಮಾರು 650 ಮೆಟ್ಟಿಲು. ಬುಟ್ಟಿಯಂಥ ಕುರ್ಚಿಯಲ್ಲಿ ಕೂರಿಸಿ, ಬೊಂಬಿಗೆ ಹೆಗಲು ಕೊಟ್ಟು ಹೊತ್ತೊಯ್ಯುವ ಆಳುಗಳು ಅಲ್ಲಿದ್ದಾರೆ. ನಮ್ಮಜ್ಜಿಯನ್ನು ಒಮ್ಮೆ ಹಾಗೆ ಕೂರಿಸಿದ್ದೆವು. ಅರ್ಧ ದಾರಿಯಲ್ಲಿ ಇಳಿಸಿ ಅಂದರು. "ಇನ್ನೊಬ್ಬರ ಮಕ್ಕಳ ಹೆಗಲ ಮೇಲೆ ಕೂತು ಸ್ವಾಮಿ ಹತ್ತಿರ ಹೋಗೋದು ಹೆಂಗೆ?" ಹೊತ್ತವರು ನಕ್ಕು, "ಅಜ್ಜಿ, ನೀವು ಇಳಿದರೆ ನಮ್ಮ ಕೂಲಿ?" ಅಂದಾಗ ಮತ್ತೆ ಕೂತರು. ಲಿಫ್ಟ್ ಅನ್ನುವುದರ ಹಿಂದೆ ಶತಮಾನಗಳ ಕಾಲ ಮನುಷ್ಯನ ಹೆಗಲೇ ಇತ್ತು ಅನ್ನುವುದನ್ನು ನಾವು ಮರೆಯಬಾರದು.

ಮೆಟ್ಟಿಲಿಗೆ ಸೂತ್ರ ಬರೆದವನು ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೋಂಡೆಲ್, ಹದಿನೇಳನೇ ಶತಮಾನದಲ್ಲಿ. ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಅಗಲವನ್ನು ಕೂಡಿಸಿದರೆ ಅದು ಮನುಷ್ಯನ ಒಂದು ಹೆಜ್ಜೆಗೆ ಸಮನಾಗಬೇಕು ಅಂದ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಜನ ಸೇರುವ ಕಟ್ಟಡಗಳಲ್ಲಿ ಎತ್ತರ 15 ಸೆಂಟಿಮೀಟರ್ ಮೀರಬಾರದು, ಅಗಲ 30ಕ್ಕೆ ಕಡಿಮೆಯಾಗಬಾರದು ಅನ್ನುತ್ತದೆ. ಲೆಕ್ಕ ಹಾಕಿದರೆ 60 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಹೆಜ್ಜೆ, ಅದೇ ಸೂತ್ರ. ಸೂತ್ರ ಸರಿಯೇ. ಆದರೆ ಆ ಹೆಜ್ಜೆ ಯಾರದು? ಬರಿಗೈಯಲ್ಲಿ ನಡೆಯುವ, ಮಂಡಿ ನೆಟ್ಟಗಿರುವ ಗಂಡಸಿನದು.

ಇನ್ನು ರೈಲಿಗೆ ಬರೋಣ. ನಮ್ಮ ಸೀಮೆಗೆ ಮೊದಲು ಬಂದದ್ದು ಪುಟ್ಟ ರೈಲು. ಎರಡೂವರೆ ಅಡಿ ಅಗಲದ ಹಳಿ. 1905ರಲ್ಲಿ ತಿರುಪ್ಪತ್ತೂರಿನಿಂದ ಕೃಷ್ಣಗಿರಿಗೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ, 1913ರಲ್ಲಿ ಅಲ್ಲಿಂದ ಹೊಸೂರಿಗೆ. ಅವನ್ನೆಲ್ಲ ಆಮೇಲೆ ಕಿತ್ತುಹಾಕಿದರು. ಕೃಷ್ಣಗಿರಿ ಪಟ್ಟಣಕ್ಕೆ ಇವತ್ತಿಗೂ ಮತ್ತೆ ರೈಲು ಬಂದಿಲ್ಲ. ಹೊಸೂರಿಗೆ ಬೆಂಗಳೂರು–ಸೇಲಂ ಮಾರ್ಗ ಬಂತು, ಮೊದಲು ಮೀಟರ್ ಗೇಜ್, ನಂತರ ಬ್ರಾಡ್ ಗೇಜ್. ಗಾಡಿ ದೊಡ್ಡದಾದಂತೆ ಪ್ಲಾಟ್‌ಫಾರಂ ಎತ್ತರವಾಯಿತು. ಈಗಿನ ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 760ರಿಂದ 840 ಮಿಲಿಮೀಟರ್. ಡಬ್ಬಿ ಹತ್ತಲು ಅನುಕೂಲವಾಯಿತು. ಆದರೆ ಹಳಿ ದಾಟುವುದು ಅಪಾಯವಾಯಿತು, ಮೇಲ್ಸೇತುವೆ ಬಂತು.

ಆ ಸೇತುವೆ ಅಷ್ಟೆತ್ತರ ಯಾಕೆ? ವಿದ್ಯುತ್ ರೈಲಿನ ತಂತಿ ಹಳಿಯ ಮೇಲೆ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ, ಅದರಲ್ಲಿರುವುದು 25,000 ವೋಲ್ಟ್. ಸೇತುವೆ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಹಾಗಾಗಿ ಒಂದು ಕಡೆಗೇ ನಲವತ್ತರ ಆಸುಪಾಸು ಮೆಟ್ಟಿಲು. ಹತ್ತಿದಷ್ಟನ್ನೂ ಮತ್ತೆ ಇಳಿಯಬೇಕು, ಮಂಡಿ ನೋವಿನವರಿಗೆ ಇಳಿಯುವುದೇ ಹೆಚ್ಚು ಕಷ್ಟ. ಹಳಿಯ ಕೆಳಗೆ ಸುರಂಗದಾರಿ ಮಾಡಿದರೆ ಆಳ ಇದಕ್ಕಿಂತ ಎಷ್ಟೋ ಕಡಿಮೆ ಸಾಕು, ಏಕೆಂದರೆ ಅಲ್ಲಿ ಜಾಗ ಬಿಡಬೇಕಾದದ್ದು ಮನುಷ್ಯನ ಎತ್ತರಕ್ಕೆ, ರೈಲಿನ ಎತ್ತರಕ್ಕಲ್ಲ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಅನ್ನುವುದು ನಿಜ. ಆದರೆ ನೀರನ್ನು ಎತ್ತಲು ಪಂಪಿದೆ. ನಮ್ಮಮ್ಮನನ್ನು ಎತ್ತಲು ಏನಿದೆ?

ಲಿಫ್ಟ್ ಇದೆ ಅನ್ನುತ್ತೀರಿ. ಅದರ ಕತೆಯನ್ನೂ ಕೇಳಿ. ಹಗ್ಗ ಕಟ್ಟಿ ಮೇಲೆಳೆಯುವ ತೊಟ್ಟಿಲು ಹಳೆಯದೇ, ಆದರೆ ಹಗ್ಗ ಹರಿದರೆ ಸಾವು. ಹಗ್ಗ ತುಂಡಾದ ಕೂಡಲೇ ಹಲ್ಲುಗಂಬಿಯನ್ನು ಕಚ್ಚಿ ನಿಲ್ಲುವ ಸಾಧನವನ್ನು ಅಮೆರಿಕದ ಎಲಿಷಾ ಓಟಿಸ್ ಮಾಡಿದ. 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ತಾನೇ ಮೇಲೆ ನಿಂತು, ಹಗ್ಗವನ್ನು ಕತ್ತರಿಸಲು ಹೇಳಿ ತೋರಿಸಿದ. ಅವನು ಮೊದಲು ಮಾರಿದ್ದು ಸರಕು ಎತ್ತುವ ಯಂತ್ರಗಳನ್ನು. ಮನುಷ್ಯರ ಸರದಿ ಬಂದದ್ದು 1857ರಲ್ಲಿ, ಒಂದು ದೊಡ್ಡ ಅಂಗಡಿಯಲ್ಲಿ. 1880ರಲ್ಲಿ ಜರ್ಮನಿಯ ಸೀಮೆನ್ಸ್ ವಿದ್ಯುತ್ತಿನಿಂದ ನಡೆಯುವ ಲಿಫ್ಟನ್ನು ತೋರಿಸಿದ. ಅಲ್ಲಿಂದ ಅದು ಹಡಗಿಗೂ ಏರಿತು. 1912ರಲ್ಲಿ ಹೊರಟ ಟೈಟಾನಿಕ್‌ನಲ್ಲಿ ಮೊದಲ ದರ್ಜೆಯವರಿಗೆ ಮೂರು ಲಿಫ್ಟ್, ಎರಡನೇ ದರ್ಜೆಯವರಿಗೆ ಒಂದು. ಏಳುನೂರರಷ್ಟಿದ್ದ ಮೂರನೇ ದರ್ಜೆಯವರಿಗೆ ಒಂದೂ ಇಲ್ಲ. ಗಂಟು ಮೂಟೆ ಹೊತ್ತು, ಮಕ್ಕಳನ್ನು ಎತ್ತಿಕೊಂಡು ಹಡಗು ಹತ್ತಿದವರು ಅವರೇ.

ನಮ್ಮಲ್ಲೂ ಬಹಳ ಕಾಲ ಮೇಲ್ಸೇತುವೆಯನ್ನು ಪ್ರಯಾಣಿಕರ ಸೌಕರ್ಯ ಅನ್ನುವ ಪಟ್ಟಿಯಲ್ಲಿಟ್ಟಿದ್ದರು. ಹಣ ಉಳಿದರೆ ಮಾಡೋಣ ಅನ್ನುವಂಥದ್ದು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ ಮಳೆಗೆ ನಿಂತ ಜನ ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಹೋದರು. ಅದಾದ ಮೇಲೆಯೇ ಮೇಲ್ಸೇತುವೆ ಕಡ್ಡಾಯ, ಸುರಕ್ಷತೆಯ ಬಾಬತ್ತು ಅಂತ ರೈಲ್ವೆ ಘೋಷಿಸಿದ್ದು. ಅದಕ್ಕೂ ಮುಂಚೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸಾರಿಗೆಯನ್ನು ಎಲ್ಲರೂ ಬಳಸುವಂತಿರಬೇಕು ಅಂದಿತ್ತು. ಲಿಫ್ಟ್ ಕೂರಿಸಿದರೆ ಸಾಲದು, ಅದು ನಡೆಯುತ್ತಿರಬೇಕು. ಬೀಗ ಹಾಕಿದ ಲಿಫ್ಟ್ ಅಂದರೆ ಗೋಡೆ.

ದೇವಸ್ಥಾನಗಳು ಈ ವಿಷಯದಲ್ಲಿ ಮುಂದೆ ಹೋಗಿವೆ ಅನ್ನಲು ನನಗೆ ಸಂತೋಷ. ಪಳನಿಯಲ್ಲಿ 1966ರಲ್ಲೇ ಹಳಿಯ ಮೇಲೆ ಎಳೆಯುವ ವಿಂಚ್ ಬಂತು, 2004ರಲ್ಲಿ ರೋಪ್ ಕಾರ್. 1305 ಮೆಟ್ಟಿಲಿನ ಶೋಳಿಂಗಪುರ, ನಮ್ಮ ಹಿರಿಯರ ಬಾಯಲ್ಲಿ ಘಟಿಕಾಚಲ, ಅಲ್ಲಿನ ಯೋಗನರಸಿಂಹನ ಬೆಟ್ಟಕ್ಕೆ 2024ರಲ್ಲಿ ರೋಪ್‌ವೇ ಆಯಿತು.

ಬೆಂಗಳೂರಿನ ಹಳದಿ ಮೆಟ್ರೋ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಬಂತು. ಹೊಸೂರಿನಿಂದ ಬಸ್ಸಿನಲ್ಲಿ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆ. ಬಸ್ಸಿನ ಮೊದಲ ಮೆಟ್ಟಿಲು ಹತ್ತಿಸಲು ಕಂಡಕ್ಟರ್ ಕೈ ಕೊಡಬೇಕಾಯಿತು. ನಿಲ್ದಾಣದಲ್ಲಿ ಲಿಫ್ಟಿನ ಮುಂದೆ ನಿಂತು ಅಮ್ಮ, "ಇಳಿಯೋಕೂ ಇದೇ ಇರುತ್ತಾ?" ಅಂತ ಕೇಳಿದರು. ಇರುತ್ತೆ ಅಂದೆ. ಇತ್ತು.

ಮನೆಗೆ ಬಂದ ಮೇಲೆ ಅವರಾಗಿಯೇ ಘಟಿಕಾಚಲದ ಮಾತು ತೆಗೆದರು. ದೊಡ್ಡ ಬೆಟ್ಟಕ್ಕೆ ರೋಪ್‌ವೇ ಇದೆ ಅಂತ ಹೇಳಿದೆ. ಎದುರಿನ ಚಿಕ್ಕ ಬೆಟ್ಟದ ಆಂಜನೇಯನಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲು ಅನ್ನುವುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಕೆಳಗಿಂದಲೇ ಕೈ ಮುಗೀತೀನಿ, ಹೋಗೋಣ" ಅಂದರು.