ಚೀಸ್ ತುಂಬಿದ ಮೆಣಸಿನಕಾಯಿ ಬಾಣಲೆಯಲ್ಲಿ ಬಾಯಿಬಿಡುವುದೇಕೆ?

ಹಸಿರು ಮೆಣಸಿನಕಾಯಿಯ ಹೊಟ್ಟೆ ಸೀಳಿ, ಒಳಗೆ ಚೀಸ್ ತುಂಬಿ, ಮೇಲೆ ಬ್ರೆಡ್ ಪುಡಿ ಹೊದಿಸಿ ಎಣ್ಣೆಯಲ್ಲಿ ಕರಿದರೆ ಅದು ಅಮೆರಿಕದವರ ಹಲಪೇನ್ಯೊ ಪಾಪರ್. ಅಲ್ಲಿನ ಬಾರುಗಳಲ್ಲಿ, ಫುಟ್‌ಬಾಲ್ ಪಂದ್ಯ ನೋಡಲು ಸೇರುವ ಮನೆಗಳಲ್ಲಿ ಊಟಕ್ಕೆ ಮುಂಚೆ ಕೈಗೆ ಬರುವ ತಿಂಡಿ ಇದು. ಈಗ ಬೆಂಗಳೂರಿನ ಹುಟ್ಟುಹಬ್ಬದ ಪಾರ್ಟಿಗಳಿಗೂ ಬಂದಿದೆ. ಮಾಡುವ ವಿಧಾನ ತೋರಿಸುವ ವಿಡಿಯೊಗಳಿಗೆ ಬರವಿಲ್ಲ. ಆದರೂ ಮನೆಯಲ್ಲಿ ಮಾಡಹೊರಟರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಗತಿ. ಒಂದೋ ಬಾಣಲೆಯಲ್ಲೇ ಬಾಯಿಬಿಟ್ಟು ಚೀಸೆಲ್ಲ ಎಣ್ಣೆಪಾಲಾಗುತ್ತದೆ, ಇಲ್ಲವೇ ಚೆನ್ನಾಗಿ ಬೆಂದು ಹೊಂಬಣ್ಣಕ್ಕೆ ತಿರುಗಿದ್ದು ತಟ್ಟೆಗೆ ಹೋದ ಹತ್ತು ನಿಮಿಷಕ್ಕೇ ಮೆತ್ತಗಾಗಿ, ಕಚ್ಚಿದರೆ ಹೊದಿಕೆ ಒಂದು ಕಡೆ, ಕಾಯಿ ಇನ್ನೊಂದು ಕಡೆ ಆಗುತ್ತದೆ. ಆಗ ಚೀಸ್ ಸರಿಯಿರಲಿಲ್ಲ ಅನ್ನುತ್ತೇವೆ, ಎಣ್ಣೆ ಕಾದಿರಲಿಲ್ಲ ಅನ್ನುತ್ತೇವೆ. ನನಗನಿಸುವುದು ಬೇರೆ. ಈ ಎರಡೂ ಕೇಡಿನ ಮೂಲ ಒಂದೇ, ಅದು ನೀರು. ಪಾಪರ್ ಮಾಡುವುದೆಂದರೆ ಖಾರ ಮತ್ತು ಚೀಸನ್ನು ಜೋಡಿಸುವುದಕ್ಕಿಂತ ಹೆಚ್ಚಾಗಿ ನೀರನ್ನು ಹದ್ದುಬಸ್ತಿನಲ್ಲಿ ಇಡುವ ಕೆಲಸ. ಇದು ಮನಸ್ಸಿಗೆ ಬಂದರೆ ವಿಧಾನದ ಒಂದೊಂದು ಹಂತವೂ ಯಾಕಿದೆ ಅಂತ ತಾನಾಗಿ ಗೊತ್ತಾಗುತ್ತದೆ, ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತಲೂ ಗೊತ್ತಾಗುತ್ತದೆ.

ಹಸಿ ಮೆಣಸಿನಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರು. ಚೀಸಿನಲ್ಲೂ ನೀರಿದೆ, ಗಟ್ಟಿ ಚೆಡ್ಡಾರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಕ್ರೀಮ್ ಚೀಸಿನಲ್ಲಿ ಅರ್ಧಕ್ಕೂ ಮೇಲೆ. ಕರಿಯುವ ಎಣ್ಣೆ 175ರಿಂದ 190 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ನೀರು ಕುದಿಯುವುದು 100ಕ್ಕೆ. ನೀರು ಆವಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚಾಗುತ್ತದೆ. ಅಂದರೆ ಒಂದು ಟೀ ಚಮಚದಷ್ಟು ನೀರು ಪೂರ್ತಿ ಆವಿಯಾದರೆ ಸುಮಾರು ಎಂಟು ಲೀಟರ್ ಜಾಗ ಕೇಳುತ್ತದೆ. ಹೆಬ್ಬೆರಳಿನ ಗಾತ್ರದ ಮುಚ್ಚಿದ ಕಾಯಿಯೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಆವಿ ಹೊರಗೆ ದಾರಿ ಹುಡುಕುತ್ತದೆ. ಸಿಗುವ ದಾರಿ ಒಂದೇ, ನಾವು ಸೀಳಿದ ಗೆರೆ. ಆ ಗೆರೆಯಲ್ಲಿ ಆವಿ ನುಗ್ಗುವ ಹೊತ್ತಿಗೆ ಚೀಸ್ ಕರಗಿ ಪಾಯಸದಂತಾಗಿದ್ದರೆ ಅದೂ ಜೊತೆಗೇ ಹೊರಟುಬಿಡುತ್ತದೆ. ಬಾಣಲೆಯಲ್ಲಿ ಆಗುವ ಮೊದಲ ಅನಾಹುತ ಇದು. ಎರಡನೆಯದು ತಟ್ಟೆಯಲ್ಲಿ ಆಗುವುದು. ಎಣ್ಣೆಯಿಂದ ತೆಗೆದ ಮೇಲೂ ಒಳಗಿನ ಬಿಸಿ ಆರಿರುವುದಿಲ್ಲ, ಆವಿ ಹೊರಟೇ ಇರುತ್ತದೆ. ಅದು ಹೊದಿಕೆಯಲ್ಲಿ ತಣಿದು ಮತ್ತೆ ನೀರಾಗುತ್ತದೆ. ಗರಿಗರಿ ಅನ್ನುವುದು ಒಣ ಹೊದಿಕೆಯ ಗುಣ. ಅದಕ್ಕೆ ಒಳಗಿನಿಂದಲೇ ನೀರು ಕುಡಿಸಿದರೆ ಇನ್ನೇನಾಗುತ್ತದೆ?

ಹಾಗಾದರೆ ಮೆಣಸಿನಕಾಯಿಗೆ ಚೀಸ್ ತುಂಬಿ ಕರಿಯುವುದು ಅಮೆರಿಕದವರಿಗಿಂತ ಮೊದಲು ಯಾರಿಗೂ ಗೊತ್ತಿರಲಿಲ್ಲವೇ, ಅವರಿಗೆ ಈ ಕಾಟ ಇರಲಿಲ್ಲವೇ ಅಂತ ಕೇಳಬಹುದು. ಗೊತ್ತಿತ್ತು. ಮೆಕ್ಸಿಕೊದಲ್ಲಿ ಚಿಲೆ ರೆಯೆನೊ ಅನ್ನುವ ಅಡುಗೆ ಇದೆ. ಪ್ವೆಬ್ಲಾ ಪ್ರದೇಶದ ಹೆಸರು ಹೊತ್ತ ಪೊಬ್ಲಾನೊ ಮೆಣಸಿನಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಚೀಸೋ ಮಾಂಸವೋ ತುಂಬಿ, ನೊರೆ ಬರುವಂತೆ ಕಡೆದ ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ. ಆಮೇಲೆ ಅದನ್ನು ತೆಳು ಟೊಮೆಟೊ ಸಾರಿನೊಳಗೇ ಇಟ್ಟು ಬಡಿಸುತ್ತಾರೆ! ಗರಿಗರಿಯಾಗಿರಲಿ ಅಂತ ಅಲ್ಲಿ ಯಾರೂ ನಿರೀಕ್ಷಿಸುವುದೇ ಇಲ್ಲ, ಹಾಗಾಗಿ ನೀರಿನ ಜೊತೆ ಜಗಳವೂ ಇಲ್ಲ. ನಮ್ಮ ಮೆಣಸಿನಕಾಯಿ ಬಜ್ಜಿಯ ಉಪಾಯ ಇನ್ನೊಂದು. ದಾವಣಗೆರೆಯಲ್ಲಿ ಮಂಡಕ್ಕಿ ಜೊತೆಗೋ, ಹುಬ್ಬಳ್ಳಿ-ಧಾರವಾಡದಲ್ಲಿ ಗಿರ್ಮಿಟ್ ಜೊತೆಗೋ ಕೊಡುವ ಮಿರ್ಚಿ ಬಾಣಲೆಯಿಂದ ನೇರ ಕೈಗೆ ಬರುತ್ತದೆ, ನಿಂತಲ್ಲೇ ಮುಗಿಯುತ್ತದೆ. ಒಳಗೆ ಕರಗಿ ಹರಿಯುವಂಥದ್ದೇನೂ ಇಲ್ಲ, ದಪ್ಪ ಕಡಲೆ ಹಿಟ್ಟು ಒಂದಿಷ್ಟು ತೇವವನ್ನು ತಾನೇ ಹೀರಿಕೊಳ್ಳುತ್ತದೆ, ಮೆತ್ತಗಾಗುವಷ್ಟು ಹೊತ್ತು ಅದನ್ನು ಯಾರೂ ಬಿಡುವುದೂ ಇಲ್ಲ. ಪಾಪರ್‌ನ ತೊಡಕು ಇರುವುದು ಪಾರ್ಟಿಯಲ್ಲಿ. ಪಾರ್ಟಿಯ ತಿಂಡಿ ಕೈಯಲ್ಲಿ ಹಿಡಿಯುವಂತಿರಬೇಕು, ಸೋರಬಾರದು, ತಟ್ಟೆಯಲ್ಲಿ ಕಾಲು ಗಂಟೆ ಕೂತರೂ ಗರಿ ಉಳಿಯಬೇಕು, ಒಳಗೆ ಚೀಸ್ ಕರಗಿರಲೂ ಬೇಕು. ಸಾರಿನಲ್ಲಿ ಮುಳುಗಿಸುವ ದಾರಿ ಇಲ್ಲ, ಬಂಡಿಯ ಮುಂದೆ ನಿಲ್ಲಿಸಿ ತಿನ್ನಿಸುವ ದಾರಿಯೂ ಇಲ್ಲ. ಆದ್ದರಿಂದಲೇ ಇದಕ್ಕೆ ಇಷ್ಟೊಂದು ಹಂತಗಳು.

ಮೊದಲ ಹಂತ ಕಾಯಿಯದ್ದು. ಹಲಪೇನ್ಯೊಗೆ ಹೆಸರು ಬಂದದ್ದು ಮೆಕ್ಸಿಕೊದ ವೆರಾಕ್ರೂಸ್ ರಾಜ್ಯದ ರಾಜಧಾನಿ ಹಲಾಪದಿಂದ. ಅದರ ಗೋಡೆ ದಪ್ಪ. ಕರಿದರೂ ಆಕಾರ ಬಿಡುವುದಿಲ್ಲ, ಆದರೆ ದಪ್ಪ ಗೋಡೆ ಅಂದರೆ ಹೆಚ್ಚು ನೀರು. ನಮ್ಮ ಮಾರುಕಟ್ಟೆಯ ಉದ್ದನೆಯ ಬಜ್ಜಿ ಮೆಣಸಿನಕಾಯಿಯ ಗೋಡೆ ತೆಳು, ನೀರು ಕಡಿಮೆ, ಬೇಗ ಬೇಯುತ್ತದೆ. ಹಲಪೇನ್ಯೊ ಸಿಗದಿದ್ದರೆ ಅದು ಬದಲಿಯೇನು, ಒಂದು ಲೆಕ್ಕದಲ್ಲಿ ಹೆಚ್ಚು ಅನುಕೂಲವೇ. ಬಾಟಲಿಯಲ್ಲಿ ಬರುವ, ವಿನೆಗರಿನಲ್ಲಿ ನೆನೆದ ಹಲಪೇನ್ಯೊ ಚೂರುಗಳನ್ನು ಮಾತ್ರ ಮರೆತುಬಿಡಿ, ಅವು ಪಿಜ್ಜಾದ ಮೇಲಿರಲಿ. ಕಾಯಿಯನ್ನು ತೊಟ್ಟು ಉಳಿಸಿ ಉದ್ದಕ್ಕೆ ಒಂದೇ ಕಡೆ ಸೀಳಿ, ಬೀಜವನ್ನೂ ಅದು ಅಂಟಿಕೊಂಡಿರುವ ಬಿಳಿ ತಿರುಳನ್ನೂ ಪೂರ್ತಿ ತೆಗೆಯಿರಿ. ತೊಳೆದಿದ್ದರೆ ಒಳಗೂ ಹೊರಗೂ ಬಟ್ಟೆಯಿಂದ ಒರೆಸಿ, ಸೀಳು ಕೆಳಗಾಗುವಂತೆ ಅರ್ಧ ಗಂಟೆ ಬೋರಲು ಹಾಕಿ.

ಹೂರಣದ ವಿಷಯಕ್ಕೆ ಬಂದರೆ ನನ್ನ ವಾದಕ್ಕೇ ಒಂದು ಒಳ್ಳೆಯ ಆಕ್ಷೇಪ ಸಿಗುತ್ತದೆ. ನೀರೇ ಶತ್ರುವಾದರೆ ಅರ್ಧಕ್ಕಿಂತ ಹೆಚ್ಚು ನೀರಿರುವ ಕ್ರೀಮ್ ಚೀಸನ್ನೇ ಪಾಪರ್‌ಗೆ ಎಲ್ಲರೂ ಯಾಕೆ ಬಳಸುತ್ತಾರೆ? ನ್ಯಾಯವಾದ ಪ್ರಶ್ನೆ. ಉತ್ತರ ಏನೆಂದರೆ, ನೀರು ಎಷ್ಟಿದೆ ಅನ್ನುವುದಕ್ಕಿಂತ ಅದು ಎಷ್ಟು ಸಡಿಲವಾಗಿದೆ ಅನ್ನುವುದು ಮುಖ್ಯ. ಕ್ರೀಮ್ ಚೀಸ್ ಹುಳಿಯಿಂದ ಹೆಪ್ಪುಗಟ್ಟಿದ್ದು. ಅದರ ಪ್ರೋಟೀನ್ ಜಾಲ ಬಿಸಿಗೆ ಮೆತ್ತಗಾಗುತ್ತದೆಯೇ ಹೊರತು ಸುಲಭಕ್ಕೆ ಹರಿಯುವುದಿಲ್ಲ, ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹಲವು ಕಂಪನಿಗಳು ಇದಕ್ಕೆ ಗ್ವಾರ್ ಗಮ್ ಕೂಡ ಸೇರಿಸುತ್ತವೆ, ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದ ತೆಗೆದ ಅಂಟು ಅದು. ಚೆಡ್ಡಾರ್, ಮೊಝರೆಲ್ಲಾಗಳದ್ದು ಬೇರೆ ಜಾತಿ. ರೆನೆಟ್‌ನಿಂದ ಹೆಪ್ಪುಗಟ್ಟಿದ ಅವುಗಳ ಜಾಲವನ್ನು ಹಿಡಿದಿರುವುದು ಕ್ಯಾಲ್ಸಿಯಂ. ಬಿಸಿಗೆ ಜಾಲ ಸಡಿಲವಾಗಿ ಚೀಸ್ ಹರಿಯುತ್ತದೆ, ಎಳೆ ಬರುತ್ತದೆ. ಎಳೆ ನೋಡಲು ಚೆಂದ ಅಂತ ಬರೀ ಮೊಝರೆಲ್ಲಾ ತುಂಬಿದರೆ ಸೀಳಿನಿಂದ ಹೊರಗೆ ಹರಿಯುವುದೂ ಅದೇ ಚೀಸು. ಆದ್ದರಿಂದ ಹರಿಯದ್ದು ಎರಡು ಪಾಲು, ಹರಿಯುವುದು ಒಂದು ಪಾಲು. ಮೊದಲನೆಯದು ಒಳಗೆ ತಡೆದು ನಿಲ್ಲಿಸುತ್ತದೆ, ಎರಡನೆಯದು ರುಚಿ, ಎಳೆ ಕೊಡುತ್ತದೆ. ಕ್ರೀಮ್ ಚೀಸ್ ದುಬಾರಿ ಅನಿಸಿದರೆ ಪನೀರನ್ನು ಅಂಗೈಯಲ್ಲಿ ನುಣ್ಣಗೆ ನಾದಿ, ನೀರು ಹಿಂಡಿ, ತುರಿದ ಪ್ರಾಸೆಸ್ಡ್ ಚೀಸ್ ಬೆರೆಸಿ. ಪನೀರೂ ಹುಳಿಯಿಂದ ಒಡೆದದ್ದೇ, ಕರಗುವ ಜಾತಿಯಲ್ಲ. ಪ್ರಾಸೆಸ್ಡ್ ಚೀಸಿಗೆ ಹಾಕುವ ಲವಣಗಳು ಕೊಬ್ಬು ಮತ್ತು ನೀರು ಬೇರೆಯಾಗದಂತೆ ನೋಡಿಕೊಳ್ಳುತ್ತವೆ. ಶುದ್ಧ ಚೀಸ್‌ಪ್ರೇಮಿಗಳು ಅದನ್ನು ಕಂಡರೆ ಮೂಗು ಮುರಿಯುತ್ತಾರೆ, ಈ ಕೆಲಸಕ್ಕೆ ಮಾತ್ರ ಅದು ಹೇಳಿ ಮಾಡಿಸಿದಂತಿದೆ. ಹೂರಣಕ್ಕೆ ಹಸಿ ಈರುಳ್ಳಿ, ಟೊಮೆಟೊ ಹಾಕಬೇಡಿ, ನೀರು ಬಿಡುತ್ತವೆ. ಜೀರಿಗೆ ಪುಡಿ, ಬೆಳ್ಳುಳ್ಳಿ ಪುಡಿ ಧಾರಾಳವಾಗಿ ಹಾಕಿ. ಗಂಟಲಿನವರೆಗೆ ತುಂಬದೆ ಸೀಳಿನ ಎರಡು ಅಂಚು ಕೂಡುವಷ್ಟೇ ತುಂಬಿ.

ಇನ್ನು ಹೊದಿಕೆ. ಮೆಣಸಿನಕಾಯಿಯ ಸಿಪ್ಪೆಯ ಮೇಲೆ ಮೇಣದ ಪದರ ಇದೆ, ಅದಕ್ಕೆ ಏನೂ ಹಿಡಿಯುವುದಿಲ್ಲ. ಮೆಕ್ಸಿಕೊದವರು ಸುಟ್ಟು ಸುಲಿಯುವುದರಿಂದ ಅವರಿಗೆ ಈ ತಾಪತ್ರಯ ಇಲ್ಲ. ನಾವು ಮೂರು ತಟ್ಟೆ ಇಟ್ಟುಕೊಳ್ಳಬೇಕು. ಮೊದಲು ಒಣ ಮೈದಾ, ಮೇಲಿನ ತೇವ ಹೀರಲು. ಆಮೇಲೆ ಕಡೆದ ಮೊಟ್ಟೆ, ಬಿಸಿಗೆ ಗಟ್ಟಿಯಾಗಿ ಅಂಟಿನ ಕೆಲಸ ಮಾಡಲು. ಕೊನೆಗೆ ಬ್ರೆಡ್ ಪುಡಿ. ಮೊಟ್ಟೆ ತಿನ್ನದವರು ಮೈದಾ, ಕಾರ್ನ್‌ಫ್ಲೋರ್ ಸಮವಾಗಿ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿಕೊಳ್ಳಬಹುದು. ಹತ್ತು ನಿಮಿಷ ಬಿಟ್ಟು ಮೊಟ್ಟೆ ಮತ್ತು ಬ್ರೆಡ್ ಪುಡಿಯ ಎರಡನೇ ಸುತ್ತು ಹಾಕಿ. ಸೀಳನ್ನು ಮುಚ್ಚುವುದು ಆ ಎರಡನೇ ಪದರವೇ, ಅದನ್ನು ಬಿಟ್ಟವರ ಪಾಪರ್ ಬಹುಮಟ್ಟಿಗೆ ಬಾಯಿಬಿಡುತ್ತದೆ. ಬಜ್ಜಿಯ ಕಡಲೆ ಹಿಟ್ಟೇ ಸಾಲದೇ ಅಂದರೆ, ಆಗಲೇ ತಿನ್ನುವುದಾದರೆ ಸಾಕು, ರುಚಿಯೂ ಚೆನ್ನ. ಕಾಲು ಗಂಟೆ ಕೂರಬೇಕಾದರೆ ಒಣ ಬ್ರೆಡ್ ಪುಡಿಯೇ ವಾಸಿ.

ಹೊದಿಸಿದ್ದನ್ನು ಕರಿಯುವ ಮೊದಲು ಫ್ರೀಜರಿನಲ್ಲಿ ಒಂದು ಗಂಟೆ ಇಡಿ. ಬಿಡಲೇಬಾರದ ಹಂತ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಲ್ಲಿ ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರನ್ನು 80 ಡಿಗ್ರಿಗೆ ಕಾಯಿಸಬಹುದು. ಹೆಪ್ಪುಗಟ್ಟಿದ ಹೂರಣ ಮೊದಲ ಒಂದೆರಡು ನಿಮಿಷದ ಶಾಖವನ್ನು ಬರೀ ಕರಗುವುದಕ್ಕೇ ಖರ್ಚು ಮಾಡುತ್ತದೆ, ಅಷ್ಟರಲ್ಲಿ ಹೊರಗಿನ ಹೊದಿಕೆ ಗಟ್ಟಿಯಾಗಿ ಗೋಡೆಯಂತೆ ನಿಂತಿರುತ್ತದೆ. 1990ರ ದಶಕದಲ್ಲಿ ಪಾಪರ್ ಅಮೆರಿಕದ ಊರೂರಿನ ಬಾರುಗಳಿಗೆ ಹಬ್ಬಿದ್ದು ಕಾರ್ಖಾನೆಯ ಪೊಟ್ಟಣಗಳಲ್ಲಿ, ಹೆಪ್ಪುಗಟ್ಟಿದ ರೂಪದಲ್ಲೇ. ಸಾಗಣೆಗೆಂದು ಮಾಡಿದ್ದು ಕರಿಯುವುದಕ್ಕೂ ಒದಗಿ ಬಂತು. ಒಂದು ಎಚ್ಚರಿಕೆ: ಮೇಲೆ ಮಂಜಿನ ಪುಡಿ ಕೂತಿದ್ದರೆ ಕೊಡವಿ ಎಣ್ಣೆಗೆ ಬಿಡಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ. ಒಂದು ಸಲಕ್ಕೆ ನಾಲ್ಕೈದು ಸಾಕು, ಹೆಚ್ಚು ಹಾಕಿದರೆ ಎಣ್ಣೆಯ ಬಿಸಿ ಇಳಿದು ಹೊದಿಕೆ ಗಟ್ಟಿಯಾಗುವುದು ತಡವಾಗುತ್ತದೆ. ಮೂರು ನಿಮಿಷದ ಆಸುಪಾಸಿನಲ್ಲಿ ಬಣ್ಣ ಬರುತ್ತದೆ. ಸುತ್ತಲಿನ ಗುಳ್ಳೆಗಳ ಮೇಲೆ ಕಣ್ಣಿಡಿ, ಗುಳ್ಳೆ ಅಂದರೆ ಹೊರಬೀಳುತ್ತಿರುವ ನೀರು. ಗುಳ್ಳೆ ಇಳಿಯತೊಡಗಿದಾಗ ಹೊದಿಕೆ ಒಣಗಿದೆ ಅಂತ ಅರ್ಥ. ತೆಗೆದದ್ದನ್ನು ಕಾಗದದ ಮೇಲೆ ಸುರಿಯುವ ಬದಲು ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ, ಕೆಳಗಿನಿಂದಲೂ ಆವಿ ಹೋಗಲಿ. ಹಾಟ್‌ಬಾಕ್ಸಿನಲ್ಲಿ ಮುಚ್ಚಿಡುವುದಂತೂ ಇಷ್ಟು ಹೊತ್ತು ಪಟ್ಟ ಶ್ರಮಕ್ಕೆಲ್ಲ ನೀರು ಬಿಟ್ಟಂತೆ.

ಇಷ್ಟೆಲ್ಲ ಹೇಳಿ ಖಾರದ ಮಾತೇ ಎತ್ತಲಿಲ್ಲ, ಮೆಣಸಿನಕಾಯಿ ತಿಂಡಿಯಲ್ಲಿ ಅದೇ ಅಲ್ಲವೇ ಮುಖ್ಯ ಅನ್ನಬಹುದು. ತಿನ್ನುವವರಿಗೆ ಹೌದು, ಮಾಡುವವರಿಗೆ ಅದು ಸಣ್ಣ ತಲೆನೋವು. ಖಾರದ ಅಂಶವಾದ ಕ್ಯಾಪ್ಸೈಸಿನ್ ಹುಟ್ಟುವುದು ಬೀಜದಲ್ಲಿ ಅಲ್ಲ, ಬಿಳಿ ತಿರುಳಿನಲ್ಲಿ. ನೀರಿನ ಕಾರಣಕ್ಕೆ ಅದನ್ನು ಆಗಲೇ ತೆಗೆದಿದ್ದೇವೆ, ಖಾರದ ಬಹುಪಾಲು ಜೊತೆಗೇ ಹೋಯಿತು. ಹಲಪೇನ್ಯೊ ಸ್ಕೋವಿಲ್ ಅಳತೆಯಲ್ಲಿ 2,500ರಿಂದ 8,000ದವರೆಗೆ ಇರುತ್ತದೆ, ಅಂದರೆ ಒಂದಕ್ಕೂ ಇನ್ನೊಂದಕ್ಕೂ ಮೂರು ಪಟ್ಟು ವ್ಯತ್ಯಾಸ ಇರಬಹುದು. ಕಾರ್ಖಾನೆಗಳಿಗೆ ಇಂಥ ಅನಿಶ್ಚಿತತೆ ಆಗಿಬರುವುದಿಲ್ಲ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು 1980ರ ದಶಕದ ಆರಂಭದಲ್ಲೇ ಖಾರ ಕಡಿಮೆಯ ಹಲಪೇನ್ಯೊ ತಳಿ ಬಿಡುಗಡೆ ಮಾಡಿದ್ದರು. ಉಳಿದ ಖಾರವನ್ನು ಚೀಸ್ ನೋಡಿಕೊಳ್ಳುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ, ಹಾಲಿನ ಕೇಸೀನ್ ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಸಂಗತಿ: ನಾಲಿಗೆಯಲ್ಲಿ ಕ್ಯಾಪ್ಸೈಸಿನ್‌ಗೆ ಓಗೊಡುವ ಗ್ರಾಹಕವೇ 43 ಡಿಗ್ರಿ ಮೀರಿದ ಬಿಸಿಗೂ ಓಗೊಡುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಬಾಣಲೆಯಿಂದ ಈಗಷ್ಟೇ ತೆಗೆದದ್ದು ಹೆಚ್ಚು ಖಾರ ಅನಿಸುವುದು ಅದಕ್ಕೇ. ಜಾಲರಿಯ ಮೇಲೆ ಐದು ನಿಮಿಷ ಬಿಟ್ಟರೆ ಗರಿಗೂ ಒಳ್ಳೆಯದು, ನಾಲಿಗೆಗೂ ಒಳ್ಳೆಯದು. ಬಿಡಿಸುವಾಗ ಕೈಗವಸು ಹಾಕಿಕೊಳ್ಳಿ. ಇಲ್ಲವಾದರೆ ಕೈಗೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ.

ಕೊನೆಯ ಆಕ್ಷೇಪ ಆರೋಗ್ಯದ ಕಡೆಯಿಂದ: ಕರಿಯುವುದೇಕೆ, ಓವನ್ನಿನಲ್ಲಿ ಬೇಯಿಸಬಾರದೇ? ಬೇಯಿಸಬಹುದು. ಕಾಯಿಯನ್ನು ಎರಡು ಹೋಳು ಮಾಡಿ, ದೋಣಿಯಂಥ ಹೋಳಿಗೆ ಹೂರಣ ತುಂಬಿ, ಮೇಲಷ್ಟೇ ಬ್ರೆಡ್ ಪುಡಿ ಉದುರಿಸಿ 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಆಯಿತು. ಅಲ್ಲಿ ಒಡೆಯುವ ಭಯವೇ ಇಲ್ಲ, ಮೇಲ್ಭಾಗ ತೆರೆದಿರುವುದರಿಂದ ಆವಿ ತನ್ನ ಪಾಡಿಗೆ ಹೋಗುತ್ತದೆ. ನಲವತ್ತು ಜನಕ್ಕೆ ಮಾಡಬೇಕಾಗಿ ಬಂದರೆ ನನ್ನ ಓಟೂ ಅದಕ್ಕೇ. ಆದರೆ ಸುತ್ತಲೂ ಗರಿ, ಒಳಗೆ ಮುಚ್ಚಿಟ್ಟ ಚೀಸ್ ಅನ್ನುವ ಸುಖ ಅದರಲ್ಲಿ ಇಲ್ಲ, ಅದು ಬೇರೆಯೇ ತಿಂಡಿ. ಹತ್ತು ಹನ್ನೆರಡು ಜನ ಬರುವವರಿದ್ದರೆ ಹಿಂದಿನ ದಿನವೇ ಹೊದಿಸಿ ಫ್ರೀಜರಿಗೆ ಹಾಕಿ, ಪೂರ್ತಿ ಹೆಪ್ಪುಗಟ್ಟಿದ್ದಕ್ಕೆ ಒಂದೆರಡು ನಿಮಿಷ ಹೆಚ್ಚು ಬೇಕು, ಉರಿ ಸ್ವಲ್ಪ ತಗ್ಗಿಸಿ. ಮೊದಲು ಒಂದನ್ನು ಕರಿದು ಕತ್ತರಿಸಿ ನೋಡಿ. ನಡುವೆ ಇನ್ನೂ ತಣ್ಣಗಿದ್ದರೆ ಉಳಿದವನ್ನು ಹತ್ತು ನಿಮಿಷ ಹೊರಗಿಟ್ಟು ಆಮೇಲೆ ಎಣ್ಣೆಗೆ ಬಿಡಿ.