ಮನೆ ಕೊಳ್ಳುವ ಮುನ್ನ ಒಂದು ಮಳೆಗಾಲ ನೋಡಿ
(ಸಂಘದ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಮೆಟ್ರಿಕ್ ತನಕ ಓದಿ, ಭಿವಂಡಿಯ ಕಡೆ ಒಂದು ಬಟ್ಟೆ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ರವಿವಾರ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸುವುದು, ಪುಸ್ತಕದ ನೋಂದಣಿ ಬರೆಯುವುದು ನನ್ನ ಸೇವೆ. ಈಚೆಗೆ ಈ ಮೇಜಿನ ಸುತ್ತ ಸುದ್ದಿಗಿಂತ ಮನೆಯ ಜಾಹೀರಾತುಗಳ ಮೇಲೇ ಹೆಚ್ಚು ಚರ್ಚೆ. "ಬದಲಾಪುರದಲ್ಲಿ ಅಗ್ಗವಂತೆ", "ವಿರಾರದಲ್ಲಿ ಇನ್ನೂ ಅಗ್ಗವಂತೆ" ಎಂಬ ಮಾತು ದಿನವೂ ಕೇಳುತ್ತೇನೆ. ಬಾಡಿಗೆಯ ಖೋಲಿಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಗಂಟು ಕಟ್ಟುವ ನಮ್ಮಂಥವರಿಗೆ ಈ ಆಸೆ ಸಹಜ. ಆದ್ದರಿಂದ ಕಾರ್ಯದರ್ಶಿಗಳು, "ನಿಮ್ಮ ಭಾವನವರ ಮನೆಯ ಸಂಗತಿಯನ್ನು ಎಲ್ಲರಿಗೂ ಹೇಳಿ" ಎಂದರು. ಭಾವನವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಭಾವನವರು ಒಂದು ಹೋಟೆಲಿನ ಗಲ್ಲೆಯಲ್ಲಿ ಕೂತು ಇಪ್ಪತ್ತು ವರ್ಷ ಉಳಿಸಿದ ಹಣ, ಅಕ್ಕನ ನಾಲ್ಕು ಬಳೆ, ಮೇಲೆ ಬ್ಯಾಂಕಿನ ಸಾಲ ಸೇರಿಸಿ 2019ರ ಫೆಬ್ರವರಿಯಲ್ಲಿ ಬದಲಾಪುರದಲ್ಲಿ ಮನೆ ಕೊಂಡರು. ತಾಯಿಗೆ ಮೊಣಕಾಲು ನೋವೆಂದು ನೆಲ ಅಂತಸ್ತನ್ನೇ ಆರಿಸಿದರು. ಗೋಡೆಗೆ ಹೊಸ ಬಣ್ಣ, ಹಿಂದಿನಿಂದ ಉಲ್ಲಾಸ ನದಿಯ ಗಾಳಿ. ನಾವೆಲ್ಲ ಹೋಗಿ ಗೃಹಪ್ರವೇಶದ ಊಟ ಉಂಡು, ಬಾಯಿತುಂಬ ಹೊಗಳಿ ಬಂದೆವು.

ಅದೇ ವರ್ಷ ಜುಲೈ 26ರ ರಾತ್ರಿ ಮಳೆ ಹಿಡಿಯಿತು. ಮರುದಿನ ಬೆಳಿಗ್ಗೆ ವಾಂಗಣಿ ಬಳಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೆರೆಯಲ್ಲಿ ಸಿಕ್ಕಿಕೊಂಡು, ಸಾವಿರಕ್ಕೂ ಮಿಕ್ಕ ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಿದ್ದು ನಿಮಗೆ ನೆನಪಿರಬಹುದು. ಆ ಹೊತ್ತಿಗೆ ಅಕ್ಕನ ಅಡುಗೆಮನೆಯಲ್ಲಿ ಸೊಂಟದವರೆಗೆ ನೀರು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎರಡನೆಯ ಅಂತಸ್ತಿಗೆ ಹೊತ್ತರು. ಫ್ರಿಜ್, ಹಾಸಿಗೆ, ಅಕ್ಕಿಯ ಡಬ್ಬ, ಮಗುವಿನ ಪಠ್ಯಪುಸ್ತಕ ಎಲ್ಲ ಕೆಸರಾದವು.

ನೀರಿಳಿದ ಮೇಲೆ ನಾನು ಹೋದೆ. ಬೀದಿಯ ಮೂಲೆಯ ಕಿರಾಣಿ ಅಂಗಡಿಯವನು ಆಗಲೇ ವ್ಯಾಪಾರ ತೆರೆದಿದ್ದ. ಅವನ ಮೂಟೆಗಳೆಲ್ಲ ಎದೆಯೆತ್ತರದ ಅಟ್ಟಣೆಯ ಮೇಲೆ ಒಣಗಿಯೇ ಇದ್ದವು. ಕೇಳಿದರೆ ಹೇಳಿದ: "2005ರಲ್ಲಿ ಇದಕ್ಕಿಂತ ಹೆಚ್ಚು ಬಂದಿತ್ತು. ಅಂದಿನಿಂದ ಕೆಳಗೆ ಏನೂ ಇಡುವುದಿಲ್ಲ." "ನಮ್ಮ ಭಾವನಿಗೆ ಮೊದಲೇ ಹೇಳಬಾರದಿತ್ತೇ?" ಎಂದೆ. "ಕೇಳಿದ್ದರೆ ಹೇಳುತ್ತಿದ್ದೆ. ಮನೆ ನೋಡಲು ಬಂದವರು ಯಾರೂ ನನ್ನನ್ನು ಕೇಳುವುದಿಲ್ಲ" ಎಂದ.

ಬಂಧುಗಳೇ, ನಾನು ಇಂದು ಹೇಳಬೇಕಾದ್ದು ಈ ಒಂದೇ ಮಾತು. ನಾವು ಮನೆಯೊಳಗನ್ನು ನೋಡುತ್ತೇವೆ. ಮನೆ ನಿಂತ ನೆಲವನ್ನೂ ನೆರೆಹೊರೆಯನ್ನೂ ನೋಡುವುದಿಲ್ಲ. ಗೋಡೆ ಬಿರುಕುಬಿಟ್ಟರೆ ಸರಿಪಡಿಸಬಹುದು, ನೆಲ ತಗ್ಗಾಗಿದ್ದರೆ ಎತ್ತಲಾಗದು.

ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕುಂದಾಪುರದ ಕಡೆಯ ನಮ್ಮೂರಿನಲ್ಲಿ ಗದ್ದೆಗೆ ಮೂರು ಹೆಸರು: ಬೈಲು, ಮಜಲು, ಬೆಟ್ಟು. ಬೈಲು ತಗ್ಗಿನದು, ನೀರು ನಿಲ್ಲುವಂಥದು, ಬೆಟ್ಟು ಎತ್ತರದ್ದು. ಬೈಲಿನಲ್ಲಿ ಭತ್ತ ಬೆಳೆಯುತ್ತಿದ್ದರು, ಮನೆಯನ್ನು ಬದಿಯ ಎತ್ತರದಲ್ಲಿ ಕಟ್ಟುತ್ತಿದ್ದರು. ಅಜ್ಜನಿಗೆ ಗೊತ್ತಿದ್ದ ಈ ವಿವೇಕವನ್ನು ನಾವು ರೈಲು ಹತ್ತುವಾಗ ಊರಲ್ಲೇ ಬಿಟ್ಟು ಬಂದೆವು. ಇಲ್ಲಿ ಬೈಲಿಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿ, 'ರಿವರ್ ವ್ಯೂ' ಎಂದು ಹೆಸರಿಟ್ಟರೆ ನಾವು ಹೆಚ್ಚು ದುಡ್ಡು ಕೊಡುತ್ತೇವೆ.

ಹಾಗಾದರೆ ನೋಡುವುದು ಹೇಗೆ?

ಮೊದಲನೆಯದು ನೀರು. ಸಾಧ್ಯವಾದರೆ ಜುಲೈ ತಿಂಗಳಲ್ಲಿ, ಜಡಿಮಳೆಯ ಮರುದಿನವೇ ಹೋಗಿ ನೋಡಿ. ಬೇಸಗೆಯಲ್ಲಿ ಹೋದರೆ ಗುರುತು ಹುಡುಕಿ. ಕಾಂಪೌಂಡಿನ ಗೋಡೆಯ ಮೇಲೆ ಒಂದೇ ಮಟ್ಟದ ಕಂದು ಗೆರೆ ಇದೆಯೇ? ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆಯೇ? ವಿದ್ಯುತ್ ಮೀಟರುಗಳನ್ನು ಎಷ್ಟು ಎತ್ತರಕ್ಕೆ ಏರಿಸಿದ್ದಾರೆ? ಕಿರಾಣಿಯವನು, ಹಾಲಿನವನು, ರಿಕ್ಷಾದವನು ಈ ಮೂವರನ್ನು ಕೇಳಿ. "ನೀರು ಬರುತ್ತದೆಯೇ?" ಎಂದು ಕೇಳಬೇಡಿ, "2005ರಲ್ಲಿ ಎಲ್ಲಿಯವರೆಗೆ ಬಂದಿತ್ತು, 2019ರಲ್ಲಿ ಎಲ್ಲಿಯವರೆಗೆ ಬಂದಿತ್ತು?" ಎಂದು ಕೇಳಿ. ಆಗ ಅವರು ಕೈಯಿಂದ ಎತ್ತರ ತೋರಿಸುತ್ತಾರೆ. ಆ ಕೈಯನ್ನು ನಂಬಿ.

ಮಹಾರಾಷ್ಟ್ರದಲ್ಲಿ ನದಿಗಳಿಗೆ ನೆರೆಯ ಎರಡು ರೇಖೆ ಗುರುತಿಸುತ್ತಾರೆ. ನೀಲಿ ರೇಖೆ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯದು, ಕೆಂಪು ರೇಖೆ 100 ವರ್ಷಕ್ಕೊಮ್ಮೆ ಬರಬಹುದಾದದ್ದು. ನಗರಸಭೆಯ ನಗರರಚನಾ ವಿಭಾಗಕ್ಕೆ ಹೋಗಿ, ನಿಮ್ಮ ಸರ್ವೆ ನಂಬರು ಇವುಗಳ ಒಳಗೋ ಹೊರಗೋ ಎಂದು ವಿಚಾರಿಸಿ. 25 ವರ್ಷ ಎಂದೊಡನೆ ನಿಶ್ಚಿಂತರಾಗಬೇಡಿ. ಒಮ್ಮೆ ಬಂದ ನೆರೆ 25 ವರ್ಷ ಸುಮ್ಮನಿರುತ್ತದೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರಕ್ಕೆ 4 ಸಂಭವ ಎಂದರ್ಥ. ಗುಮಾಸ್ತನಾದ್ದರಿಂದ ಲೆಕ್ಕ ಹಾಕಿ ನೋಡಿದೆ. ಸಾಲ ತೀರಿಸುವ 20 ವರ್ಷದೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಂಭವ ನೂರಕ್ಕೆ 56. ಕೆಂಪು ರೇಖೆಯ ನೆರೆಗೂ ನೂರಕ್ಕೆ 18. ರೂಪಾಯಿ ಎಸೆದು ಸಂಸಾರ ಕಟ್ಟುವವರುಂಟೇ?

ನದಿಯಿಲ್ಲದ ಕಡೆಯೂ ಗಟಾರ, ನಾಲಾಗಳನ್ನು ನೋಡಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತು. ಸಮುದ್ರಕ್ಕೆ ಉಬ್ಬರವಿದ್ದಾಗ ನಾಲಾದ ನೀರು ಹೊರಹೋಗಲಾರದೆ ತಗ್ಗಿನಲ್ಲಿ ನಿಲ್ಲುತ್ತದೆ. ನಾಲಾದ ಮೇಲೆ ಚಪ್ಪಡಿ ಹಾಕಿ ಅಂಗಡಿ ಕಟ್ಟಿದ ಮಾತ್ರಕ್ಕೆ ನೀರು ತನ್ನ ದಾರಿ ಮರೆಯುವುದಿಲ್ಲ.

ಎರಡನೆಯದು ಗುಡ್ಡ. ಗುಡ್ಡವನ್ನು ಕಡಿದು ಕಟ್ಟಿದ ಮನೆಗೆ ನೆರೆಯ ಭಯವಿಲ್ಲ, ಮಣ್ಣಿನ ಭಯವಿದೆ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ ಗ್ರಾಮದ ಮೇಲೆ ಗುಡ್ಡ ಜಾರಿ 150ಕ್ಕೂ ಹೆಚ್ಚು ಜನ ಸತ್ತರು. 2023ರ ಜುಲೈ 19ರ ರಾತ್ರಿ ರಾಯಗಡದ ಇರ್ಶಾಲವಾಡಿಗೂ ಅದೇ ಗತಿಯಾಯಿತು. ಕಟ್ಟಡದ ಹಿಂದೆ ಹೋಗಿ ನೋಡಿ. ಓರೆಯಾದ ಮರ, ಉಬ್ಬಿದ ತಡೆಗೋಡೆ, ನೀರು ಹರಿಯಲು ತೂತಿಲ್ಲದ ಗೋಡೆ ಕಂಡರೆ ಹಿಂತಿರುಗಿ.

ಮೂರನೆಯದು ಗಾಳಿ. ಇಲ್ಲಿ ನನ್ನ ಸ್ವಂತ ಅನುಭವ ಹೇಳುತ್ತೇನೆ. 2022ರಲ್ಲಿ ನಾನೂ ಡೊಂಬಿವಲಿಯ ಕಡೆ ಒಂದು ಮನೆ ಮೆಚ್ಚಿ 11,000 ರೂಪಾಯಿ ಟೋಕನ್ ಕೊಟ್ಟೆ. ನನ್ನ ಹೆಂಡತಿ, "ನೀವು ನೋಡಿದ್ದು ಹಗಲಿನಲ್ಲಿ, ನಾವು ಮಲಗುವುದು ರಾತ್ರಿಯಲ್ಲಿ. ಒಮ್ಮೆ ರಾತ್ರಿ ಹೋಗಿ ಬರೋಣ" ಎಂದಳು. ಹನ್ನೊಂದು ಗಂಟೆಗೆ ಹೋಗಿ ಜಿನೆಯಲ್ಲಿ ನಿಂತೆವು. ಕಾರ್ಖಾನೆಗಳ ದಿಕ್ಕಿನಿಂದ ಗಂಟಲು ಕೆರೆಯುವ ವಾಸನೆ ಬಂತು. ಮಗನಿಗೆ ಮೊದಲೇ ಉಬ್ಬಸ. ಬಿಲ್ಡರ್ ಟೋಕನ್ ಹಿಂದಿರುಗಿಸಲಿಲ್ಲ. ಅಂದು ದುಃಖವಾಯಿತು. 2016ರ ಮೇ 26ರಂದು ಡೊಂಬಿವಲಿಯ ಕೈಗಾರಿಕಾ ಪ್ರದೇಶದಲ್ಲಿ ಸ್ಫೋಟವಾಗಿ ದೂರದ ಮನೆಗಳ ಗಾಜೂ ಒಡೆದಿದ್ದವು. 2024ರ ಮೇ 23ರಂದು ಅಲ್ಲಿ ಮತ್ತೆ ಸ್ಫೋಟವಾಯಿತು. ಆ ಸುದ್ದಿ ಓದಿದ ದಿನ 11,000 ರೂಪಾಯಿಯ ದುಃಖ ಮರೆತುಹೋಯಿತು. ಕಸದ ಡಿಪೋ ಬಳಿಯೂ ಹೀಗೆಯೇ. ಗಾಳಿ ಮಳೆಗಾಲದಲ್ಲಿ ಒಂದು ದಿಕ್ಕು, ಚಳಿಗಾಲದಲ್ಲಿ ಇನ್ನೊಂದು ದಿಕ್ಕು. ಎರಡೂ ಕಾಲದಲ್ಲಿ ನೋಡಬೇಕು.

ನಾಲ್ಕನೆಯದು ಕಾಗದ. ಕಾಗದಕ್ಕೂ ನೆಲಕ್ಕೂ ಸಂಬಂಧವಿದೆ. ನಾಲಾಸೋಪಾರಾದಲ್ಲಿ ಕೊಳಚೆ ಶುದ್ಧೀಕರಣಕ್ಕೂ ಕಸಕ್ಕೂ ಮೀಸಲಾದ ನೆಲದಲ್ಲಿ ಎದ್ದಿದ್ದ 41 ಕಟ್ಟಡಗಳನ್ನು ನ್ಯಾಯಾಲಯದ ಆದೇಶದಂತೆ 2024-25ರಲ್ಲಿ ಕೆಡವಿದರು. ಅಲ್ಲಿದ್ದವರು ನಮ್ಮಂಥವರೇ. ಕಲ್ಯಾಣ-ಡೊಂಬಿವಲಿಯಲ್ಲಿ ಖೋಟಾ ಪರವಾನಗಿ ತೋರಿಸಿ ರೇರಾ ನೋಂದಣಿ ಪಡೆದ 65 ಕಟ್ಟಡಗಳನ್ನು ಕೆಡವಲು 2024ರಲ್ಲಿ ಉಚ್ಚ ನ್ಯಾಯಾಲಯ ಆದೇಶಿಸಿತು. ಆದ್ದರಿಂದ ರೇರಾ ಸಂಖ್ಯೆಯೊಂದನ್ನೇ ನಂಬದೆ, ಕಟ್ಟಡದ ಪರವಾನಗಿಯ ನಕಲು ಹಿಡಿದು ನಗರಪಾಲಿಕೆಯಲ್ಲೇ ತಾಳೆ ನೋಡಿ. ಡಿ.ಪಿ. ನಕ್ಷೆಯಲ್ಲಿ ಆ ನೆಲ ಯಾವುದಕ್ಕೆ ಮೀಸಲು ಎಂದು ಕೇಳಿ. ಕಟ್ಟಿ ಮುಗಿದಿದ್ದರೆ ವಾಸಯೋಗ್ಯತೆಯ ಪತ್ರ, ಅಂದರೆ ಓ.ಸಿ., ಕೇಳಿ. ರೇರಾ ಕಾಯಿದೆಯಂತೆ ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಇದನ್ನು ಬಾಯಿಪಾಠ ಮಾಡಿಕೊಳ್ಳಿ.

"ಇಷ್ಟೆಲ್ಲ ನೋಡುತ್ತ ಕೂತರೆ ನಮ್ಮ ದುಡ್ಡಿಗೆ ಮನೆ ಸಿಕ್ಕೀತೇ?" ಎಂದು ಕೆಲವರು ಮನಸ್ಸಿನಲ್ಲಿ ಕೇಳುತ್ತಿರಬಹುದು. ನ್ಯಾಯವಾದ ಪ್ರಶ್ನೆ. ಯಾವ ದೋಷವೂ ಇಲ್ಲದ ಮನೆ ನಮ್ಮ ಸಂಬಳಕ್ಕೆ ಸಿಗದು. ಆದರೆ ಯಾವ ದೋಷವನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂದು ಆರಿಸುವ ಸ್ವಾತಂತ್ರ್ಯ ನಮಗಿದೆ. ನಾನು ಕೊನೆಗೆ ಕೊಂಡದ್ದು ಹಳೆಯ ಕಟ್ಟಡದ ಎರಡನೆಯ ಅಂತಸ್ತಿನ ಚಿಕ್ಕ ಮನೆ. ಸ್ಟೇಷನ್ನಿನಿಂದ ಇಪ್ಪತ್ತೈದು ನಿಮಿಷದ ನಡಿಗೆ. ನಡೆಯುತ್ತೇನೆ, ರಾತ್ರಿ ನಿದ್ದೆ ಬರುತ್ತದೆ. ತಗ್ಗಿನಲ್ಲೇ ಕೊಳ್ಳುವ ಅನಿವಾರ್ಯವಿದ್ದರೆ ನೆಲ ಅಂತಸ್ತು ಬಿಡಿ, ನೆರೆಯನ್ನು ಒಳಗೊಂಡ ವಿಮೆ ಮಾಡಿಸಿ, ಕಾಗದಪತ್ರಗಳನ್ನು ಎತ್ತರದಲ್ಲಿಡಿ.

ಭಾವನವರು ಇಂದಿಗೂ ಆ ಮನೆಯಲ್ಲೇ ಇದ್ದಾರೆ. ಮಾರಲು ಹೋದರೆ ಸಾಲದಷ್ಟೂ ಬೆಲೆ ಬರುವುದಿಲ್ಲ. ಆದರೆ ಈಗ ಆ ಬೀದಿಗೆ ಮನೆ ನೋಡಲು ಯಾರಾದರೂ ಬಂದರೆ, ಅವರು ಕೇಳದಿದ್ದರೂ ಭಾವ ಹೊರಗೆ ಬಂದು ಗೋಡೆಯ ಮೇಲಿನ ಗೆರೆ ತೋರಿಸುತ್ತಾರೆ. ಬಿಲ್ಡರನಿಗೆ ಅವರ ಮೇಲೆ ಸಿಟ್ಟು. ಇರಲಿ.

ನಮ್ಮಲ್ಲೂ ಹಾಗೆ ಆಗಲಿ ಎಂದು ನನ್ನ ಅರಿಕೆ. ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ವಹಿ ಇಡುತ್ತೇನೆ. ನೀವಿರುವ ಬೀದಿಗೆ ಯಾವ ವರ್ಷ ಎಷ್ಟು ನೀರು ಬಂತು, ನಲ್ಲಿ ಎಷ್ಟು ಹೊತ್ತು ಬರುತ್ತದೆ, ರಾತ್ರಿ ಯಾವ ವಾಸನೆ ಬರುತ್ತದೆ ಎಂದು ಒಂದೊಂದು ಸಾಲು ಬರೆಯಿರಿ. ಮನೆ ಹುಡುಕುವ ಕನ್ನಡಿಗ ಬಂದು ಓದಿಕೊಳ್ಳಲಿ. ಕಂಡದ್ದನ್ನು ಹೇಳುವುದಕ್ಕೆ ಖರ್ಚಿಲ್ಲ.