ಮಾಟುಂಗದ ಆ ಗೇಟಿನ ಒಳಗೆ

(ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಏಳನೆಯ ಇಯತ್ತೆಯವರೆಗೆ ಓದಿದವನೊಬ್ಬ ಯುನಿವರ್ಸಿಟಿಯ ಸಂಶೋಧನೆಯ ವಿಷಯ ಮಾತನಾಡಲು ನಿಂತಿದ್ದಾನೆಂದರೆ ನಗು ಬರುವುದು ಸಹಜ. ನನಗೂ ಬಂತು. ಆದರೆ ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು, ಹೋಟೆಲಿನಲ್ಲಿ ಅಡಿಗೆ ಕೆಲಸದವರು, ಸಂಘದ ಆಫೀಸಿಗೆ ಬಂದು ಕುಳಿತರು. "ಮಗಳು ಕೆಮಿಕಲ್ ಇಂಜಿನಿಯರಿಂಗ್ ಪಾಸಾದಳು. ಒಂದು ಕಂಪೆನಿಯವರು ಕೆಲಸ ಕೊಡಲು ತಯಾರಿದ್ದಾರೆ. ಇವಳು ಮಾಟುಂಗದಲ್ಲಿ ಎಂ.ಟೆಕ್. ಮಾಡುತ್ತೇನೆ, ಆಮೇಲೆ ಪಿಎಚ್.ಡಿ. ಎನ್ನುತ್ತಾಳೆ. ನಾನು ಇನ್ನೆಷ್ಟು ವರ್ಷ ಬೆಂಕಿಯ ಎದುರು ನಿಲ್ಲುವುದು ಮಾರಾಯ್ರೇ? ನೀವೇ ಅವಳಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು.

ಬುದ್ಧಿ ಹೇಳುವ ಮೊದಲು ವಿಷಯ ತಿಳಿದುಕೊಳ್ಳಬೇಕಲ್ಲ! ಆ ಹುಡುಗಿಯನ್ನು ಕೇಳಿದೆ, ತಿಳಿದವರನ್ನು ಕೇಳಿದೆ. ಕೇಳಿ ತಿಳಿದದ್ದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮಾಟುಂಗವೆಂದರೆ ನಮಗೆ ಉಡುಪಿ ಹೋಟೆಲುಗಳು, ಹೂವಿನ ಅಂಗಡಿಗಳು, ಬಾಳೆಎಲೆ. ಅಲ್ಲೇ ಫೈವ್ ಗಾರ್ಡನ್ಸಿನ ಸಮೀಪ ರಸಾಯನ ತಂತ್ರಜ್ಞಾನದ ದೊಡ್ಡ ಸಂಸ್ಥೆಯೊಂದಿದೆ. ಹಿಂದೆ ಯು.ಡಿ.ಸಿ.ಟಿ. ಎನ್ನುತ್ತಿದ್ದರು, 2008ರಿಂದ ಐ.ಸಿ.ಟಿ. ಎಂಬ ಸ್ವತಂತ್ರ ವಿಶ್ವವಿದ್ಯಾಲಯ. ಆ ಗೇಟಿನ ಮುಂದೆ ನಾನು ಎಷ್ಟು ಸಲ ಚಹದ ಕೆಟಲು ಹಿಡಿದು ಹೋಗಿದ್ದೇನೋ ಲೆಕ್ಕವಿಲ್ಲ. ಒಳಗೆ ಏನು ನಡೆಯುತ್ತದೆಂದು ಒಮ್ಮೆಯೂ ಕೇಳಲಿಲ್ಲ.

ಅದು ಹುಟ್ಟಿದ್ದು 1933ರಲ್ಲಿ, ಮುಂಬಯಿ ಯುನಿವರ್ಸಿಟಿಯ ಒಂದು ವಿಭಾಗವಾಗಿ. ಮೊದಲು ಕಲಿಸಿದ ವಿಷಯ ಎರಡೇ: ಬಟ್ಟೆಯ ರಸಾಯನ ಮತ್ತು ಕೆಮಿಕಲ್ ಇಂಜಿನಿಯರಿಂಗ್. ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ಇದರ ಕಾರಣ ಬೇಗ ತಿಳಿದೀತು. ಮಗ್ಗ ಇಲ್ಲಿ, ಹತ್ತಿ ಇಲ್ಲಿ, ಬೆವರು ನಮ್ಮದು. ಆದರೆ ಬಟ್ಟೆಗೆ ಹಾಕುವ ಬಣ್ಣ ಜರ್ಮನಿಯಿಂದ, ಇಂಗ್ಲೆಂಡಿನಿಂದ ಬರಬೇಕು. ಬಣ್ಣ ಮಾಡುವ ವಿದ್ಯೆಯೂ ಅವರದೇ. ಇದಕ್ಕೂ ಮೊದಲು, 1921ರಲ್ಲಿ, ಮುಂಬಯಿ ಪ್ರಾಂತದ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣದ ವಿಚಾರಕ್ಕಾಗಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1938ರಲ್ಲಿ ಡಾ. ಕೆ. ವೆಂಕಟರಾಮನ್ ಎಂಬ ಮದ್ರಾಸಿನವರು ಈ ವಿಭಾಗದ ಮೊದಲ ಭಾರತೀಯ ಮುಖ್ಯಸ್ಥರಾದರು. ಕೃತಕ ಬಣ್ಣಗಳ ರಸಾಯನದ ಮೇಲೆ ಅವರು ಬರೆದ ಗ್ರಂಥ 1952ರಲ್ಲಿ ಹೊರಬಂತು. ಹೊರದೇಶದವರೂ ಅದನ್ನು ಓದಿದರು. ಬಣ್ಣ ಮಾರಿದವರಿಗೇ ಬಣ್ಣದ ಪಾಠ ಹೇಳಿದಂತಾಯಿತು!

ಈಗ ಮುಖ್ಯ ಮಾತು. ಡಿಗ್ರಿ ಮುಗಿದ ಮೇಲೆ ಮತ್ತೆ ಓದುವುದೇನಿದೆ? ನಾನೂ ಅದನ್ನೇ ಕೇಳಿದೆ. ಹುಡುಗಿ ನಕ್ಕು, "ಮಾಮ, ಹೋಟೆಲಿನಲ್ಲಿ ಮಳೆಗಾಲದ ಇಡ್ಲಿಹಿಟ್ಟು, ಜನವರಿಯ ಇಡ್ಲಿಹಿಟ್ಟು ಒಂದೇ ಸಮ ಉಬ್ಬುತ್ತದೆಯೇ?" ಎಂದಳು. ಇಲ್ಲ. ಚಳಿಯಲ್ಲಿ ಬೇಗ ರುಬ್ಬಿಡಬೇಕು, ಪಾತ್ರೆಗೆ ಗೋಣಿ ಸುತ್ತಬೇಕು. ಭಟ್ಟರು ಬೆರಳು ಅದ್ದಿ ನೋಡಿ ಹೇಳುತ್ತಾರೆ. "ಭಟ್ಟರಿಗೆ ಗೊತ್ತುಂಟು, ಆದರೆ ಏಕೆ ಎಂದು ಗೊತ್ತಿಲ್ಲ. ಉದ್ದಿನ ಜೊತೆಗೇ ಬರುವ ಕಣ್ಣಿಗೆ ಕಾಣದ ಜೀವಿಗಳು ಗಾಳಿ ಬಿಡುತ್ತವೆ, ಅದರಿಂದ ಹಿಟ್ಟು ಉಬ್ಬುತ್ತದೆ. ಡಿಗ್ರಿಯಲ್ಲಿ ಇಷ್ಟು ಓದುತ್ತೇವೆ. ಎಷ್ಟು ಶಾಖಕ್ಕೆ ಎಷ್ಟು ಹೊತ್ತು, ಉಪ್ಪು ಮೊದಲೋ ಆಮೇಲೋ, ಅಕ್ಕಿ ಬದಲಾದರೆ ಏನಾಗುತ್ತದೆ ಎಂದು ಒಂದೊಂದನ್ನೇ ಬದಲಿಸಿ ನೂರು ಸಲ ಮಾಡಿ ನೋಡಿ, ಕೆಟ್ಟದ್ದನ್ನೂ ಬರೆದಿಡುವುದು ಸಂಶೋಧನೆ."

ಕೆಟ್ಟದ್ದನ್ನೂ ಬರೆದಿಡುವುದು! ನಮ್ಮಲ್ಲಿ ಹಿಟ್ಟು ಕೆಟ್ಟರೆ ಮೋರಿಗೆ ಚೆಲ್ಲಿ, ಧಣಿಗೆ ಗೊತ್ತಾಗದಂತೆ ಪಾತ್ರೆ ತೊಳೆದಿಡುತ್ತೇವೆ.

ಎಂ.ಟೆಕ್. ಎರಡು ವರ್ಷ. ಮೊದಲು ಪಾಠ, ಆಮೇಲೆ ಒಂದು ಸಮಸ್ಯೆ ಹಿಡಿದು ಪ್ರಬಂಧ ಬರೆಯಬೇಕು. ಪಿಎಚ್.ಡಿ. ನಾಲ್ಕೈದು ವರ್ಷ ಹಿಡಿದೀತು. ಹಿಂದೆ ಯಾರೂ ಕಂಡುಹಿಡಿಯದ ಏನನ್ನಾದರೂ, ಚಿಕ್ಕದಾದರೂ ಸರಿ, ತೋರಿಸಬೇಕು.

ಇದು ನಮಗೆ ದೂರದ ಮಾತೆಂದು ತಿಳಿಯಬೇಡಿ. ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು ದೇಹಕ್ಕೆ ಕೆಡುಕಾದ ವಸ್ತುಗಳಾಗುತ್ತವೆ. ಅವನ್ನು ಅಳೆಯುವ ಬಗೆ ಕಂಡುಹಿಡಿದದ್ದು ಪ್ರಯೋಗಶಾಲೆಯವರು. ಅಂಥ ವಸ್ತುಗಳು ನೂರಕ್ಕೆ 25ಕ್ಕಿಂತ ಹೆಚ್ಚಾದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂತು. ಇನ್‌ಸ್ಪೆಕ್ಟರು ಬಂದಾಗ ನಾವು ಬೈದುಕೊಂಡದ್ದು ಈ ವಿದ್ಯೆಯನ್ನೇ. ಆದರೆ ಆ ಬಾಣಲೆಯ ಮುಂದೆ ಹತ್ತು ಗಂಟೆ ಹೊಗೆ ಕುಡಿಯುವವನ ಎದೆಗೂಡಿನ ಲೆಕ್ಕವನ್ನು ಅದೇ ನಿಯಮದಲ್ಲಿ ಯಾರೂ ಬರೆಯಲಿಲ್ಲ. ಬಣ್ಣದ ಕಥೆಯೂ ಹಾಗೆಯೇ. ಬೆಂಜಿಡೀನ್ ಎಂಬ ವಸ್ತುವಿನಿಂದ ಮಾಡಿದ ಬಣ್ಣಗಳು ಚೆನ್ನಾಗಿ ಹಿಡಿಯುತ್ತಿದ್ದವು. ಅದರಿಂದ ಮೂತ್ರಕೋಶದ ಕ್ಯಾನ್ಸರು ಬರುತ್ತದೆಂದು ಗೊತ್ತಾಯಿತು. ಯಾರಿಗೆ ಮೊದಲು ಬಂತು? ಬಟ್ಟೆ ಉಟ್ಟವರಿಗಲ್ಲ, ಕಾರಖಾನೆಯಲ್ಲಿ ಬಣ್ಣ ಮಾಡಿದ ಕೈಗಳಿಗೆ. ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ ಬಂದದ್ದು 1990ರ ದಶಕದಲ್ಲಿ. ಸಂಶೋಧಕರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಯಾವ ಪ್ರಶ್ನೆ ಮೊದಲು ಕೇಳಬೇಕು ಎಂಬುದು ಕೇಳುವವನು ಯಾರ ಮನೆಯಿಂದ ಬಂದಿದ್ದಾನೆ ಎಂಬುದರ ಮೇಲೂ ಇರುತ್ತದೆ. ಹೊಗೆಯಲ್ಲಿ ಕೆಮ್ಮುವ ಅಪ್ಪನನ್ನು ನೋಡಿ ಬೆಳೆದ ಹುಡುಗಿ ಹೊಗೆಯ ಪ್ರಶ್ನೆ ಕೇಳಿಯಾಳು.

ಇನ್ನು ದುಡ್ಡು. "ಓದು ಎಂದರೆ ಖರ್ಚು" ಎಂದು ನಾವು ತಿಳಿದಿದ್ದೇವೆ. ಈ ಮೆಟ್ಟಿಲಿನಲ್ಲಿ ಅದು ಅರ್ಧ ಮಾತ್ರ ನಿಜ. ಗೇಟ್ ಎಂಬ ಅಖಿಲ ಭಾರತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎಂ.ಟೆಕ್. ಸೇರಿದವರಿಗೆ ಎ.ಐ.ಸಿ.ಟಿ.ಇ. ನಿಯಮದಂತೆ ತಿಂಗಳಿಗೆ 12,400 ರೂಪಾಯಿ ವೇತನವುಂಟು. ನೆಟ್ ಎಂಬ ಪರೀಕ್ಷೆಯಲ್ಲಿ ಜೂನಿಯರ್ ಫೆಲೋಶಿಪ್ ದೊರೆತು ಪಿಎಚ್.ಡಿ.ಗೆ ಸೇರಿದವರಿಗೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಇದು ದಾನವಲ್ಲ, ಪ್ರಯೋಗಶಾಲೆಯ ದುಡಿಮೆಗೆ ಪಗಾರ ಎಂದೇ ನಾನು ತಿಳಿಯುತ್ತೇನೆ. ಅಪ್ಪನಿಗೆ ಈ ಲೆಕ್ಕ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ, "ಇದನ್ನು ಮೊದಲೇ ಹೇಳಬಾರದಿತ್ತೇ?" ಎಂದರು.

ಆದರೆ ಬರೇ ಬೆಲ್ಲ ತೋರಿಸಿ ಹೋಗುವವನು ನಾನಲ್ಲ. ವೇತನ ತಿಂಗಳ ಒಂದನೆಯ ತಾರೀಖಿಗೆ ಬರುತ್ತದೆಂದು ನಂಬಬೇಡಿ. ತಿಂಗಳುಗಟ್ಟಲೆ ತಡವಾದದ್ದುಂಟು, ಅದಕ್ಕಾಗಿ ಸಂಶೋಧನ ವಿದ್ಯಾರ್ಥಿಗಳು ದಿಲ್ಲಿಯಲ್ಲಿ ಧರಣಿ ಕುಳಿತದ್ದೂ ಉಂಟು. ಪ್ರವೇಶ ಶುಲ್ಕವನ್ನು ಮಾತ್ರ ಮೊದಲೇ ಕಟ್ಟಬೇಕು. ಮಾರ್ಗದರ್ಶಕ ಪ್ರೊಫೆಸರು ಒಳ್ಳೆಯವರು ಸಿಕ್ಕಿದರೆ ಪುಣ್ಯ. ಸಿಗದಿದ್ದರೆ ಐದು ವರ್ಷ ಏಳಾದೀತು. ಅಲ್ಲಿ ಸಂಘವೂ ಇಲ್ಲದಿದ್ದರೆ ಯಾರ ಮುಂದೆ ದೂರುವುದು? ಕಂಪೆನಿಯಲ್ಲಿ ಅಷ್ಟು ವರ್ಷ ಗಳಿಸಬಹುದಾಗಿದ್ದ ಹಣವೂ ಹೋಗುತ್ತದೆ. ಎಲ್ಲ ಮಕ್ಕಳಿಗೂ ಇದು ತಕ್ಕದ್ದಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುವ ಮಗನನ್ನು ಯಾರೂ ಹೀಗಳೆಯಬಾರದು.

ಆದರೆ ಈ ಹುಡುಗಿ ಗೇಟ್ ಪಾಸಾಗಿದ್ದಾಳೆ, ಅವಳಿಗೆ ಸೀಟು ದೊರೆತಿದೆ. ಅಡ್ಡ ನಿಂತಿರುವುದು ಮೊದಲ ಶುಲ್ಕ ಮತ್ತು ಮೊದಲ ವೇತನ ಕೈಗೆ ಬರುವವರೆಗಿನ ಐದಾರು ತಿಂಗಳು. ಇದಕ್ಕಾಗಿ ಒಂದು ಠರಾವು ತಂದಿದ್ದೇನೆ. ಸಂಘದ ಕಲ್ಯಾಣನಿಧಿಯಿಂದ ಇಂಥ ಮಕ್ಕಳಿಗೆ ಬಡ್ಡಿಯಿಲ್ಲದ ಕೈಸಾಲ ಕೊಡಬೇಕು. ವೇತನ ಬಂದ ಮೇಲೆ ಅವರು ಕಂತಿನಲ್ಲಿ ತೀರಿಸಬೇಕು. ಮದುವೆಗೆ, ಊರಿಗೆ ಹೋಗಲು, ಆಸ್ಪತ್ರೆಗೆ ನಾವು ಸಾಲ ಕೊಟ್ಟಿದ್ದೇವೆ. ಓದಿಗೆ ಕೊಟ್ಟದ್ದು ಲೆಕ್ಕದ ಪುಸ್ತಕದಲ್ಲಿ ನನಗೆ ಒಂದೂ ಕಾಣಲಿಲ್ಲ. ಜಾಮೀನು ಕೇಳುವವರಿದ್ದರೆ ಮೊದಲ ಸಹಿ ನನ್ನದು.

ಶುಲ್ಕ ಕಟ್ಟಲು ಇನ್ನು ಒಂಬತ್ತು ದಿನ ಉಳಿದಿದೆ. ಆದಕಾರಣ ಠರಾವನ್ನು ಮುಂದಿನ ಸಭೆಗೆ ದೂಡದೆ ಈಗಲೇ ಮತಕ್ಕೆ ಹಾಕಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ರಾತ್ರಿ ಪಾಳಿಯವರು ಕೈ ಎತ್ತಿಯೇ ಹೊರಡಬೇಕು.